ಚಿಕ್ಕ ಹಾಯಿ ಹಡಗಿನ ಕ್ರೂಸ್: ಯಾವ ಕ್ಯಾಬಿನ್ ಒಳ್ಳೆಯದು, ಊಟ ಹೇಗಿರುತ್ತದೆ?

ಅಲೆಗಾರ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ನಮ್ಮ ಮದುವೆಗೆ 25 ತುಂಬುತ್ತದೆ. ನನ್ನ ಹೆಂಡತಿಗೆ ಚಿಕ್ಕಂದಿನಿಂದ ಹಾಯಿ ಹಡಗಿನ ಹುಚ್ಚು, ಹಾಗಾಗಿ ಸಾವಿರಾರು ಜನ ತುಂಬುವ ದೊಡ್ಡ ಕ್ರೂಸ್ ಬಿಟ್ಟು ಮೆಡಿಟರೇನಿಯನ್‌ನಲ್ಲಿ ಒಂದು ವಾರ ಹಾಯಿ ಹಡಗಿನಲ್ಲೇ ಹೋಗೋಣ ಅಂತ ಮನಸ್ಸು ಮಾಡಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ.

ರಾಯಲ್ ಕ್ಲಿಪ್ಪರ್, ಸ್ಟಾರ್ ಫ್ಲೈಯರ್, ವಿಂಡ್ ಸರ್ಫ್, ಸೀ ಕ್ಲೌಡ್, ಇಷ್ಟನ್ನು ನೋಡಿಟ್ಟುಕೊಂಡಿದ್ದೇನೆ. ಕೆಳಗಿನ ಡೆಕ್‌ನ ಅಗ್ಗದ ಕ್ಯಾಬಿನ್ ಸಾಕಾ, ಅಥವಾ ಕಷ್ಟಪಟ್ಟಾದರೂ ಮೇಲಿನದು ತೆಗೆದುಕೊಳ್ಳಬೇಕಾ? ಅವಳಿಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ, ಅದೇ ದೊಡ್ಡ ಚಿಂತೆ. ರಾತ್ರಿ ಊಟಕ್ಕೆ ಸೂಟು ಹಾಕಲೇಬೇಕಾ? ನನಗೆ ಮೊಣಕಾಲು ನೋವು ಬೇರೆ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಉಪ್ಪುಗಾಳಿ

ಹೆಂಡತಿಗೆ ವಾಂತಿ ಬರುತ್ತದೆ ಅಂದರೆ ಮೇಲಿನ ಕ್ಯಾಬಿನ್‌ಗೆ ದುಡ್ಡು ಹಾಕಲೇಬೇಡಿ ಸರ್. ಕೆಳಗೆ, ಹಡಗಿನ ಸರಿಯಾಗಿ ನಡುವೆ ಇರುವ ಕ್ಯಾಬಿನ್ ಕೇಳಿ. ಮಕ್ಕಳು ಏತದಾಟ ಆಡುವಾಗ ಎರಡು ತುದಿ ಏರಿ ಇಳಿಯುತ್ತವೆ, ನಡುವಿನ ಜಾಗ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಅಲ್ವಾ? ಹಡಗೂ ಅಲೆಯ ಮೇಲೆ ಹಾಗೇ. ಪಕ್ಕಕ್ಕೆ ತೂಗುವುದು ಮೇಲೆ ಹೋದಷ್ಟೂ ಜಾಸ್ತಿ. ಹಾಗಾಗಿ ದುಬಾರಿ ಕ್ಯಾಬಿನ್ ಅಂದರೆ ಆರಾಮದ ಕ್ಯಾಬಿನ್ ಅಂತ ಇಲ್ಲಿ ಹೇಳಲಾಗದು.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಮೊದಲ ಸಲ ಹೋದ ಹಡಗಿನಲ್ಲಿ (ಹೆಸರು ಬೇಡ) ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಮೂತಿಯ ಹತ್ತಿರದ ಕ್ಯಾಬಿನ್ ತೆಗೆದುಕೊಂಡೆವು. ಬೆಳಗ್ಗೆ ಆರಕ್ಕೆ ಲಂಗರು ಬಿಟ್ಟರು. ಗೋಡೆಯ ಆ ಕಡೆಯೇ ಸರಪಳಿ. ಲಾರಿಯಿಂದ ಕಬ್ಬಿಣದ ಸರಳು ಸುರಿದ ಹಾಗೆ ಸದ್ದು, ಮಂಚವೆಲ್ಲ ನಡುಗಿತು, ಮೇಜಿನ ಮೇಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಹೆಚ್ಚುಕಡಿಮೆ ದಿನಾ ಹೀಗೇ ಆಯಿತು, ಯಾಕೆಂದರೆ ಈ ಹಡಗುಗಳು ಚಿಕ್ಕ ಚಿಕ್ಕ ಊರುಗಳ ಮುಂದೆ ಲಂಗರು ಹಾಕಿಯೇ ನಿಲ್ಲುವುದು ಜಾಸ್ತಿ. ಹಿಂಭಾಗಕ್ಕೆ ಹೋದರೆ ಎಂಜಿನ್ ಸದ್ದು. ಬಾರ್ ಇರುವ ಡೆಕ್‌ನ ಕೆಳಗೆ ಸಿಕ್ಕರೆ ರಾತ್ರಿ ಕುರ್ಚಿ ಎಳೆಯುವ ಸದ್ದು. ಡೆಕ್ ಪ್ಲ್ಯಾನ್ ಮುಂದಿಟ್ಟುಕೊಂಡು ನಿಮ್ಮ ಕ್ಯಾಬಿನ್‌ನ ಮೇಲೆ ಏನಿದೆ, ಪಕ್ಕ ಏನಿದೆ ಅಂತ ನೋಡಿಯೇ ದುಡ್ಡು ಕಟ್ಟಿ.

ಒಂದು ಸಮಾಧಾನದ ವಿಷಯ. ಹಾಯಿಗೆ ಗಾಳಿ ತುಂಬಿದಾಗ ಹಡಗು ಒಂದು ಪಕ್ಕಕ್ಕೆ ವಾಲಿ ಹಾಗೇ ನಿಲ್ಲುತ್ತದೆ, ಆ ಕಡೆ ಈ ಕಡೆ ತೂಗುವುದು ಕಡಿಮೆಯಾಗುತ್ತದೆ. ಹಾಯಿ ಮಡಚಿ ಬರೀ ಎಂಜಿನ್ ಮೇಲೆ ಹೋಗುವಾಗಲೇ ನನಗೆ ಹೊಟ್ಟೆ ತೊಳಸಿದ್ದು.

ಜಾಗದ ಬಗ್ಗೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಿಂಡ್ ಸರ್ಫ್ ಕಂಪನಿಯದೇ ಇನ್ನೊಂದು ಹಡಗು ವಿಂಡ್ ಸ್ಪಿರಿಟ್‌ನ ಮಾಮೂಲಿ ಕ್ಯಾಬಿನ್ 188 ಚದರ ಅಡಿ, ಸ್ಟಾರ್ ಫ್ಲೈಯರ್‌ನದು ಅದಕ್ಕಿಂತ ಸಾಕಷ್ಟು ಚಿಕ್ಕದು. ಇಬ್ಬರಲ್ಲಿ ಒಬ್ಬರು ಬಟ್ಟೆ ಹಾಕಿಕೊಳ್ಳುವಾಗ ಇನ್ನೊಬ್ಬರು ಮಂಚದ ಮೇಲೆ ಕೂರಬೇಕು. ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿ ಮಂಚದಡಿ ತುರುಕುವಂಥ ಬ್ಯಾಗ್ ತನ್ನಿ. ಕೆಳಗಿನ ಡೆಕ್‌ನಲ್ಲಿ ದುಂಡು ಕಿಟಕಿ ಇರುತ್ತದೆ, ಕಡಲು ಜೋರಾದರೆ ಅದಕ್ಕೂ ಕಬ್ಬಿಣದ ಮುಚ್ಚಳ ಹಾಕಿಬಿಡುತ್ತಾರೆ. ಆದರೆ ನಿಜ ಹೇಳುತ್ತೇನೆ, ನಾವು ಮಲಗಲು ಬಿಟ್ಟರೆ ಕ್ಯಾಬಿನ್‌ಗೆ ಹೋಗಿದ್ದೇ ಕಡಿಮೆ. ದಿನವೆಲ್ಲ ಡೆಕ್ ಮೇಲೆಯೇ.

ದೀಪಸ್ತಂಭ

ಊಟದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸೂಟು ಬೇಡ. ರಾತ್ರಿ ಕಾಲರ್ ಇರುವ ಶರ್ಟು, ಉದ್ದ ಪ್ಯಾಂಟು ಸಾಕು. ಇಂಥ ಹಡಗುಗಳಲ್ಲಿ ಎರಡು ಪಂಕ್ತಿ ಇರುವುದಿಲ್ಲ, ಎಲ್ಲರಿಗೂ ಒಂದೇ ಹೊತ್ತಿಗೆ ಜಾಗ ಸಿಗುತ್ತದೆ, ಯಾರ ಪಕ್ಕ ಬೇಕಾದರೂ ಕೂರಬಹುದು. ಮೊದಲ ದಿನ ಮುಜುಗರ ಆಗುತ್ತದೆ. ಮೂರನೇ ದಿನಕ್ಕೆ ಯಾರು ಎಲ್ಲಿಯವರು, ಮಕ್ಕಳೆಷ್ಟು ಎಲ್ಲ ಗೊತ್ತಾಗಿರುತ್ತದೆ. ಇಬ್ಬರೇ ಕೂರಬೇಕು ಅನ್ನಿಸಿದರೆ ವಿಂಡ್ ಸರ್ಫ್ ಒಳ್ಳೆಯದು, ಅಲ್ಲಿ ಇಬ್ಬರ ಮೇಜು ಸುಲಭವಾಗಿ ಸಿಗುತ್ತದೆ, ಊಟದ ಕೋಣೆಗಳೂ ಒಂದಕ್ಕಿಂತ ಜಾಸ್ತಿ ಇವೆ.

ಅಡುಗೆಮನೆ ಚಿಕ್ಕದು, ಸಾಮಾನು ಇಡುವ ಜಾಗವೂ ಚಿಕ್ಕದು. ಆದ್ದರಿಂದ ಇದು ತಿನ್ನುವುದಿಲ್ಲ, ಅದು ಆಗುವುದಿಲ್ಲ ಅನ್ನುವುದಿದ್ದರೆ ಹತ್ತಿದ ಮೇಲೆ ಹೇಳಬೇಡಿ. ಬುಕ್ ಮಾಡುವಾಗಲೇ ಬರೆದು ಕೊಡಿ, ಹತ್ತಿದ ದಿನ ಮತ್ತೊಮ್ಮೆ ಹೇಳಿ. ಬೆಲೆಯಲ್ಲಿ ಏನೇನು ಸೇರಿದೆ ಅಂತಲೂ ಕೇಳಿಕೊಳ್ಳಿ. ಸೀ ಕ್ಲೌಡ್‌ನಲ್ಲಿ ಊಟದ ಜೊತೆ ವೈನು, ಬಿಯರು ಸೇರಿಯೇ ಇರುತ್ತವೆ. ಸ್ಟಾರ್ ಫ್ಲೈಯರ್ ಥರದ್ದರಲ್ಲಿ ಅದರ ಬಿಲ್ಲು ಬೇರೆ.

ಸೀ ಕ್ಲೌಡ್ ಹೆಸರು ಬಂದ ಮೇಲೆ ಸುಮ್ನೆ ಇರಲಾಗುವುದಿಲ್ಲ. ಅದು ಕ್ರೂಸ್‌ಗೆ ಅಂತ ಕಟ್ಟಿದ್ದೇ ಅಲ್ಲ. 1931ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಕಟ್ಟಿದ ಅಮೆರಿಕದ ಶ್ರೀಮಂತರ ಮನೆಯ ಹಡಗು. ಮನೆಯೊಡತಿ ಮಾರ್ಜರಿ ಮೆರಿವೆದರ್ ಪೋಸ್ಟ್ ಬ್ರೂಕ್ಲಿನ್‌ನಲ್ಲಿ ಒಂದು ಗೋದಾಮು ಹಿಡಿದು, ಕೋಣೆಗಳ ನಕ್ಷೆಯನ್ನು ನಿಜ ಅಳತೆಯಲ್ಲೇ ಹಾಕಿಸಿ, ಯಾವ ಕುರ್ಚಿ ಎಲ್ಲಿ ಅಂತ ತಾನೇ ಗೊತ್ತುಮಾಡಿದಳು. ಆ ಹಳೆಯ ಕೋಣೆಗಳು ಇವತ್ತಿಗೂ ಇವೆ, ಅಮೃತಶಿಲೆಯ ಒಲೆಗೂಡು, ಹಂಸದ ಆಕಾರದ ಚಿನ್ನದ ಬಣ್ಣದ ನಲ್ಲಿ ಸಮೇತ. ಬರೀ 64 ಜನಕ್ಕೆ ಜಾಗ. ಸಿಬ್ಬಂದಿ ಇವತ್ತಿಗೂ ಹಗ್ಗದ ಏಣಿ ಹತ್ತಿ ಕೈಯಲ್ಲೇ ಹಾಯಿ ಬಿಚ್ಚುತ್ತಾರೆ. ಆ ಹೊತ್ತಿಗೆ ಡೆಕ್ ಮೇಲೆ ಯಾರೂ ಮಾತಾಡುವುದಿಲ್ಲ, ಎಲ್ಲರ ಕತ್ತೂ ಮೇಲೆ. ದುಡ್ಡು ಹೊಂದುವುದಾದರೆ ಒಂದು ಸಲ ಹೋಗಲೇಬೇಕು ಅನ್ನುವವನು ನಾನು.

ಮೊಳಗೆರೆ

ಮೊಣಕಾಲಿನ ಬಗ್ಗೆ ಯಾರೂ ಹೇಳಲಿಲ್ಲ. ರಾಯಲ್ ಕ್ಲಿಪ್ಪರ್, ಸ್ಟಾರ್ ಫ್ಲೈಯರ್ ಎರಡರಲ್ಲೂ ಲಿಫ್ಟ್ ಇಲ್ಲ. ಬರೀ ಮೆಟ್ಟಿಲು. ವಿಂಡ್ ಸರ್ಫ್‌ನಲ್ಲಿ ಇದೆ, 2021ರಲ್ಲಿ ಬಂದ ಸೀ ಕ್ಲೌಡ್ ಸ್ಪಿರಿಟ್‌ನಲ್ಲೂ ಇದೆ. ಆದರೆ ಲಿಫ್ಟ್‌ಗಿಂತ ದೊಡ್ಡ ಸಮಸ್ಯೆ ದಡಕ್ಕೆ ಹೋಗುವುದು. ಹಡಗಿನ ಪಕ್ಕದ ಏಣಿಯಲ್ಲಿ ಇಳಿದು, ಕುಣಿಯುತ್ತಿರುವ ಚಿಕ್ಕ ದೋಣಿಗೆ ಕಾಲಿಡಬೇಕು. ಸಿಬ್ಬಂದಿ ರಟ್ಟೆ ಹಿಡಿದುಕೊಳ್ಳುತ್ತಾರೆ, ಅವರು "ಈಗ" ಅಂದಾಗ ಹೆಜ್ಜೆ ಇಡಬೇಕು. ಡಾಕ್ಟರನ್ನು ಒಂದು ಮಾತು ಕೇಳಿ ಬುಕ್ ಮಾಡಿ.

ಅಲೆಗಾರ

ಎಷ್ಟು ವಿವರವಾಗಿ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಸೀ ಕ್ಲೌಡ್ ನನ್ನ ಕೈಗೆ ಎಟುಕುವುದಿಲ್ಲ. ರಾಯಲ್ ಕ್ಲಿಪ್ಪರ್, ವಿಂಡ್ ಸರ್ಫ್ ಎರಡು ಉಳಿದವು. ಉಪ್ಪುಗಾಳಿಯವರೇ, ಇವೆರಡರಲ್ಲಿ ನಿಜವಾದ ಹಾಯಿ ಹಡಗು ಅನ್ನಿಸುವುದು ಯಾವುದು? ಸೌಕರ್ಯ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ.

ಉಪ್ಪುಗಾಳಿ

ರಾಯಲ್ ಕ್ಲಿಪ್ಪರ್, ಎರಡು ಮಾತಿಲ್ಲ. ವಿಂಡ್ ಸರ್ಫ್‌ನಲ್ಲೂ ಹಾಯಿ ಇದೆ, ಆದರೆ ಅಲ್ಲಿ ಕಂಪ್ಯೂಟರ್ ಬಿಚ್ಚುತ್ತದೆ, ಕಂಪ್ಯೂಟರ್ ಸುತ್ತುತ್ತದೆ, ಜೊತೆಗೆ ಎಂಜಿನ್ನೂ ಓಡುತ್ತಿರುತ್ತದೆ. ಹಡಗು ಚೆನ್ನಾಗಿದೆ, ಸ್ಪಾ ದೊಡ್ಡದು, 300ಕ್ಕೂ ಜಾಸ್ತಿ ಜನ. ರಾಯಲ್ ಕ್ಲಿಪ್ಪರ್ 2000ದಲ್ಲಿ ಬಂದದ್ದು, 1902ರ ಪ್ರಾಯ್ಸನ್ ಅನ್ನುವ ಸರಕಿನ ಹಡಗನ್ನು ನೋಡಿ ಮಾಡಿದ್ದು. ಐದು ಹಾಯಿಕಂಬ, 42 ಹಾಯಿ, 227 ಜನ. ಈಜುಕೊಳದ ತಳದಲ್ಲಿ ಗಾಜು ಇದೆ, ಅದರಿಂದ ಬೆಳಕು ಕೆಳಗಿಳಿದು ಊಟದ ಕೋಣೆಯವರೆಗೂ ಬರುತ್ತದೆ. ತಿಂಡಿ ತಿನ್ನುವಾಗ ಬೆಳಕು ಅಲುಗಾಡುತ್ತದಲ್ಲ, ಅದು ಮೇಲೆ ಯಾರೋ ಈಜುತ್ತಿರುವುದು.

ಇನ್ನೊಂದು ಜಾಗ ಮರೆಯಬೇಡಿ. ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ಉದ್ದನೆಯ ಕಂಬ ಇರುತ್ತದೆ, ಅದರ ಎರಡೂ ಪಕ್ಕ ದಪ್ಪ ಹಗ್ಗದ ಬಲೆ ಕಟ್ಟಿರುತ್ತಾರೆ. ಅನುಮತಿ ಕೊಟ್ಟಾಗ ಅದರಲ್ಲಿ ಮಲಗಬಹುದು. ಬೋರಲಾಗಿ ಮಲಗಿದರೆ ಕೆಳಗೆ ನೇರ ನೀರು. ನಾನು ಮಲಗಿದ್ದಾಗ ಹಗ್ಗದ ಗುರುತು ಕೆನ್ನೆ ಮೇಲೆ ಮೂಡಿತ್ತು, ಹಡಗಿನ ಮೂತಿ ನೀರನ್ನು ಸೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಎಂಜಿನ್ ಆಫ್. ಅರ್ಧ ಗಂಟೆ ಎದ್ದಿಲ್ಲ. ನಿಮ್ಮವರಿಗೆ ಮೊದಲ ದಿನವೇ ತೋರಿಸಿ.

ಅಲೆಗಾರ

ಮುಗಿಯಿತು, ರಾಯಲ್ ಕ್ಲಿಪ್ಪರ್. ಕೆಳಗಿನ ಡೆಕ್, ನಡುವಿನ ಕ್ಯಾಬಿನ್ ಕೇಳಿ ಇವತ್ತೇ ಮೇಲ್ ಹಾಕಿದೆ. ನಾಳೆ ಮೊಣಕಾಲಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಬಲೆಯ ವಿಷಯ ಮಾತ್ರ ಅವಳಿಗೆ ಹೇಳುವುದಿಲ್ಲ, ಅಲ್ಲಿ ಹೋದ ಮೇಲೆ ಕೈ ಹಿಡಿದುಕೊಂಡು ಹೋಗಿ ತೋರಿಸುತ್ತೇನೆ.