ಮಗಳ ಹಿಸ್ಟರಿ ಅಸೈನ್‌ಮೆಂಟ್‌ಗೆ ಯಾವ ಘಟನೆ? ಸಲಹೆ ಬೇಕು

ಮೈಸೂರು–ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಗ್ರೇಡ್. ಹತ್ತೊಂಬತ್ತು–ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ದಿಕ್ಕು ಬದಲಿಸಿದ ಒಂದು ಘಟನೆ, ಅದಕ್ಕೂ ನಿಮ್ಮ ಮನೆಗೂ ಇರೋ ಸಂಬಂಧ ಬರೀಬೇಕಂತೆ. "ಸಿವಿಲ್ ವಾರ್ ಆದಾಗ ನಾವು ಇಲ್ಲಿ ಇರಲೇ ಇಲ್ವಲ್ಲಮ್ಮಾ" ಅಂತ ಕೂತಿದ್ದಾಳೆ. ನನ್ನ ಸ್ಟೇಟ್ ಸಿಲಬಸ್‌ನಲ್ಲಿ ಬೋಸ್ಟನ್ ಟೀ ಪಾರ್ಟಿ, ಲಿಂಕನ್, ಅಲ್ಲಿಗೆ ಮುಗೀತು. ಹುಡುಕಿದಾಗ ಭಗತ್ ಸಿಂಗ್ ಥಿಂಡ್ ಅನ್ನೋ ಭಾರತೀಯನಿಗೆ ಇಲ್ಲಿನ ಪೌರತ್ವ ನಿರಾಕರಿಸಿದ ಕೇಸ್ ಸಿಕ್ತು. ಅದನ್ನ ಬರೆಸಿದ್ರೆ 'ನಾವು ಇಲ್ಲಿಗೆ ಬೇಡದವರು' ಅಂತ ಮಗು ಮನಸ್ಸಿಗೆ ಹಚ್ಕೊಂಡ್ರೆ? ಶುಕ್ರವಾರ ಕೊಡಬೇಕು.

ದಾವಣಗೆರೆ–ಡಲ್ಲಾಸ್: ಕಣ್ಣು ಮುಚ್ಚಿ 1965ರ ಇಮಿಗ್ರೇಶನ್ ಕಾಯ್ದೆ ಬರೆಸಿ. 1917, 1924ರ ಕಾಯ್ದೆಗಳು ನಮ್ಮಂಥವರಿಗೆ ಬಾಗಿಲು ಹಾಕಿದ್ವು. 1946ರಲ್ಲಿ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ 100 ಜನ! 65ರ ಅಕ್ಟೋಬರ್ 3ಕ್ಕೆ ಅಧ್ಯಕ್ಷ ಜಾನ್ಸನ್ ಲಿಬರ್ಟಿ ಪ್ರತಿಮೆ ಬುಡದಲ್ಲಿ ಸಹಿ ಹಾಕಿದ ಮೇಲೇ ನಮ್ಮ ಡಾಕ್ಟರು, ಎಂಜಿನಿಯರುಗಳು ಸಾಲುಸಾಲಾಗಿ ಬಂದಿದ್ದು.

ಹಳಬ, ಡೆಟ್ರಾಯಿಟ್: ನಾವು 70ರ ದಶಕದಲ್ಲಿ ಬಂದಾಗ ಕೊತ್ತಂಬರಿ ಸೊಪ್ಪಿಗೂ ಗತಿ ಇರಲಿಲ್ಲ. ಮಕ್ಕಳನ್ನ ಸ್ಪೆಲಿಂಗ್ ಬೀ, ಈಜು ಅಂತ ಓಡಾಡಿಸಿದ್ವಿ. ಈಗ ಮೊಮ್ಮಗನ ಹತ್ರ ಮಾತಾಡೋಕೆ ಮಗನೇ ದುಭಾಷಿ. ಹಿಸ್ಟರಿ ಹೇಗೂ ಸ್ಕೂಲಲ್ಲಿ ಕಲೀತಾಳೆ. ಶನಿವಾರದ ಕನ್ನಡ ಕ್ಲಾಸ್ ಮಾತ್ರ ತಪ್ಪಿಸಬೇಡಿ ತಾಯಿ.

ಧಾರವಾಡ–ಸಿಯಾಟಲ್: ಒಮ್ಮೆಲೇ 65ಕ್ಕ ಹಾರಬ್ಯಾಡ್ರಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಾಗ ಕಪ್ಪು ಜನರ ಮಕ್ಕಳ ಮ್ಯಾಲೆ ಪೊಲೀಸರು ನಾಯಿ ಬಿಟ್ಟರು, ನೀರಿನ ಪೈಪ್ ತಿರುಗಿಸಿದ್ರು. ಅವರು ಮೈಯೊಡ್ಡಿದ್ದಕ್ಕ 64ರ ಸಿವಿಲ್ ರೈಟ್ಸ್ ಕಾಯ್ದೆ ಬಂತು, ಅದರ ಬೆನ್ನಿಗೇ ಹಳೇ ಕೋಟಾ ಬಿತ್ತು. ನಮ್ಮ ಮಂದಿ ಮಾತ್ರ 'ಮೆರಿಟ್ ಮ್ಯಾಲ ಬಂದೇವಿ' ಅಂತ ಮೀಸಿ ತಿರುವತಾರ.

ದಾವಣಗೆರೆ–ಡಲ್ಲಾಸ್: ಸಾರ್, ಎಂಟನೇ ಗ್ರೇಡು. ಪಿಎಚ್‌ಡಿ ಅಲ್ಲ.

ಹಾಸನ–ಹ್ಯೂಸ್ಟನ್: 64, 65 ಎಲ್ಲಾ ಹಳೇ ಸಂಭ್ರಮ. ನಮ್ಮ ತಿರುವು 1990. ಒಂದೇ ಕಾಯ್ದೆಯಲ್ಲಿ ಎಚ್‌-1ಬಿ ಕೆಲಸದ ವೀಸಾ ಕೊಟ್ರು, ಗ್ರೀನ್ ಕಾರ್ಡಿಗೆ ಒಂದೊಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚಿಲ್ಲ ಅಂತ ಗೆರೆನೂ ಎಳೆದ್ರು. ಬನ್ನಿ ಅಂದವರು ಕೂತ್ಕೊಳ್ಳಿ ಅನ್ನಲಿಲ್ಲ. ಇಲ್ಲೇ ಬೆಳೆದ ನನ್ನ ಮಗ 21 ತುಂಬಿದ್ದಕ್ಕೆ ನಮ್ಮ ಅರ್ಜಿಯಿಂದ ಹೊರಬಿದ್ದು ಸ್ಟೂಡೆಂಟ್ ವೀಸಾ ಹಿಡ್ಕೊಂಡ. ಥಿಂಡ್ ಕೇಸೇ ಬರೆಸಿ! ಅಮೆರಿಕದ ಸೇನೆಯಲ್ಲಿದ್ದವನಿಗೆ 1923ರಲ್ಲಿ ಸುಪ್ರೀಂ ಕೋರ್ಟ್ 'ನೀನು ಬಿಳಿಯನಲ್ಲ' ಅಂತ ಪೌರತ್ವ ನಿರಾಕರಿಸ್ತು. ಮಕ್ಕಳಿಗೆ ಗೊತ್ತಾಗಲಿ. ಮತ್ತೆ, ಊರಲ್ಲಿ ಒಂದು ಸೈಟ್ ಮಾಡಿಟ್ಕೊಳ್ಳಿ.

ಧಾರವಾಡ–ಸಿಯಾಟಲ್: ಥಿಂಡ್ 'ನಾ ಮೇಲ್ಜಾತಿ ಆರ್ಯ, ಅದಕ್ಕ ಬಿಳಿಯ' ಅಂತ ವಾದ ಹೂಡಿದ್ದ. ಅದನ್ನೂ ಬರಸ್ರಿ ಮತ್ತ.

ತುಮಕೂರು–ಅಟ್ಲಾಂಟಾ: ಹಾಸನದವರು ಹೇಳಿದ್ದು ನೂರಕ್ಕೆ ನೂರು. ಸಾರ್, ಗ್ರೀನ್ ಕಾರ್ಡ್ ಸಾಲಲ್ಲಿ ನಿಮ್ಮ ಪ್ರಯಾರಿಟಿ ಡೇಟ್ ಯಾವುದು?

ಉಡುಪಿ–ಸ್ಯಾನ್‌ಹೋಸೆ: ಮಗಳು ಹುಟ್ಟಿದ್ದು ಇಲ್ಲಿಯೇ ಅಲ್ವಾ? ಹಾಗಾದ್ರೆ ವಾಂಗ್ ಕಿಮ್ ಆರ್ಕ್ ನೋಡಿ, 1898. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ಅಪ್ಪ–ಅಮ್ಮನಿಗೆ ಹುಟ್ಟಿದವ. ಚೀನಾಕ್ಕೆ ಹೋಗಿ ಬಂದಾಗ ಹಡಗಿನಿಂದ ಇಳಿಲಿಕ್ಕೆ ಬಿಡ್ಲಿಲ್ಲ. ಇಲ್ಲಿ ಹುಟ್ಟಿದವರು ಇಲ್ಲಿನ ಪ್ರಜೆಗಳು ಅನ್ನುವ ಸಂವಿಧಾನದ 14ನೇ ತಿದ್ದುಪಡಿ ಹಿಡಿದು ಸುಪ್ರೀಂ ಕೋರ್ಟಲ್ಲಿ ಗೆದ್ದ. ಆ ತಿದ್ದುಪಡಿ 1868ರದ್ದು, ಗುಲಾಮರಾಗಿದ್ದವರಿಗೆ ಪೌರತ್ವ ಖಾತ್ರಿ ಮಾಡ್ಲಿಕ್ಕೆ ಸಿವಿಲ್ ವಾರ್ ಮುಗಿದ ಮೇಲೆ ತಂದದ್ದು. 'ಆಗ ನಾವು ಇರಲಿಲ್ಲ' ಅಂದಳಲ್ಲ, ಅವಳ ಪಾಸ್‌ಪೋರ್ಟ್ ಬಂದದ್ದೇ ಅಲ್ಲಿಂದ.

ಹಾಸನ–ಹ್ಯೂಸ್ಟನ್: @ತುಮಕೂರು 2013, ಇಬಿ-2 (ಉದ್ಯೋಗದ ಗ್ರೀನ್ ಕಾರ್ಡ್‌ನ ಎರಡನೇ ಸಾಲು).

ತುಮಕೂರು–ಅಟ್ಲಾಂಟಾ: ಇಬಿ-3ಗೆ ಇಳಿಸಿ ನೋಡಿದ್ರಾ?

ಮೈಸೂರು–ನ್ಯೂಜೆರ್ಸಿ: ಇಲ್ಲಿಯೇ ಹುಟ್ಟಿದ್ದು ಸಾರ್. ಆದ್ರೆ ಆ ತಿದ್ದುಪಡಿ...

ಹಾಸನ–ಹ್ಯೂಸ್ಟನ್: ಇಳಿಸಿದ್ವಿ. ಲಾಯರ್ ಫೀಸ್ ಹೋಯ್ತು ಅಷ್ಟೆ.