ಮೊದಲ ಶೋ ಮುಗಿಯಿತು, ಎರಡನೆಯದನ್ನು ಎಲ್ಲಿ ಹುಡುಕುವುದು?

ಬೇಸ್_ವಿರಾಜಪೇಟೆ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು. ಗಿಟಾರ್, ಬೇಸ್, ಡ್ರಮ್ಸ್, ಹಾಡುವವಳು ನನ್ನ ಚಿಕ್ಕಪ್ಪನ ಮಗಳು. ಎಂಟು ತಿಂಗಳಿಂದ ನಮ್ಮ ಕಾಫಿ ಗೋಡೌನ್‌ನಲ್ಲೇ ಪ್ರಾಕ್ಟೀಸ್. ಗೋಡೌನ್ ಅರ್ಧ ತುಂಬಿದಾಗ ಸೌಂಡ್ ಬಹಳ ಚೆನ್ನಾಗಿರುತ್ತದೆ, ಪೂರ್ತಿ ತುಂಬಿದರೆ ನಾವು ಹೊರಗೆ.

ಕಳೆದ ತಿಂಗಳು ಒಂದು ಹೋಮ್‌ಸ್ಟೇಯಲ್ಲಿ ಮೊದಲ ಶೋ. ಎಂಟೂವರೆಗೆ ಶುರು ಅಂದಿದ್ದರು, ಶುರುವಾದಾಗ ಒಂಬತ್ತು ಇಪ್ಪತ್ತು. ಎರಡನೇ ಹಾಡಿಗೇ ಕರೆಂಟ್ ಹೋಯಿತು. ಜನರೇಟರ್ ಹಾಕಿದ ಮೇಲೆ ಗಿಟಾರ್ ಆಂಪ್‌ನಲ್ಲಿ (ಸದ್ದು ಜೋರು ಮಾಡುವ ಪೆಟ್ಟಿಗೆ) ಗುಂಯ್ ಅಂತ ಒಂದೇ ಸದ್ದು. ಹೇಗೋ ಸುಧಾರಿಸಿಕೊಂಡು ಮುಂದೆ ಹೋದರೆ, ಸರಿಯಾಗಿ ಹತ್ತಕ್ಕೆ ಮಾಲೀಕರು ಬಂದು ನಿಲ್ಲಿಸಿ ಅಂದರು. ಕಲಿತದ್ದು ಹದಿನಾರು ಹಾಡು, ನುಡಿಸಿದ್ದು ಆರು. ದುಡ್ಡಿಲ್ಲ, ಊಟ ಮಾತ್ರ. ಪಂದಿ ಕರಿ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ.

ಈಗ ಡ್ರಮ್ಮರ್ ಬೆಂಗಳೂರಿಗೆ ಹೋಗೋಣ ಅಂತ ಹಟ ಹಿಡಿದಿದ್ದಾನೆ. ಇಲ್ಲೇ ಯಾರನ್ನು ಕೇಳಬೇಕು? ಇನ್ನೂ ಬಿಟ್ಟಿ ನುಡಿಸಬೇಕಾ?

ಸೌಂಡ್_ಕುಶಾಲನಗರ:
ತಮ್ಮಾ, ಬೆಂಗಳೂರು ಆಮೇಲೆ. ಮೊದಲು ಆ ಗುಂಯ್ ಬಗ್ಗೆ ಮಾತಾಡೋಣ. ನಾನು ಸೌಂಡ್ ಬಾಡಿಗೆಗೆ ಕೊಡುವವನು, ಇಂಥದ್ದು ವಾರಕ್ಕೊಂದು ನೋಡುತ್ತೇನೆ. ಗಿಟಾರ್ ತಂತಿ ಮುಟ್ಟಿದಾಗ ಸದ್ದು ಕಮ್ಮಿಯಾಗುತ್ತದೆಯಾ ನೋಡು. ಕಮ್ಮಿಯಾದರೆ ಅರ್ಥಿಂಗ್ ಮೇಲೇ, ಅಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿಂಗ್ ಮೇಲೇ ಮೊದಲ ಅನುಮಾನ. ಜನರೇಟರ್ ಇರುವ ಕಡೆ ಅರ್ಥ್ ರಾಡ್ ನೆಲಕ್ಕೆ ಹೊಡೆದಿದ್ದಾರಾ ಅಂತ ಬೆಳಕಿರುವಾಗಲೇ ಹೋಗಿ ಕಣ್ಣಾರೆ ನೋಡಬೇಕು. ‘ಎಲ್ಲಾ ಇದೆ ಬನ್ನಿ’ ಅಂತ ಫೋನಿನಲ್ಲಿ ಎಲ್ಲರೂ ಹೇಳುತ್ತಾರೆ. ಆಂಪ್, ಸೌಂಡ್ ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತಗೊಳ್ಳಿ. ಒಂದನ್ನು ಅಡುಗೆಮನೆಯಿಂದ, ಇನ್ನೊಂದನ್ನು ವರಾಂಡದಿಂದ ಎಳೆದರೆ ಗುಂಯ್ ಗ್ಯಾರಂಟಿ.

ಇನ್ನೊಂದು. ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್, ಅದೇ ಅರ್ಥ್ ಪಿನ್, ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಗಿಟಾರ್ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದವನು ಶಾಕ್ ಹೊಡೆದು ಎರಡು ಹೆಜ್ಜೆ ಹಿಂದೆ ಹಾರಿದ್ದನ್ನು ನಾನೇ ನೋಡಿದ್ದೇನೆ. ಮಳೆಗಾಲ, ಒದ್ದೆ ನೆಲ, ಬರಿಗಾಲು. ಪುಣ್ಯಕ್ಕೆ ಬದುಕಿಕೊಂಡ.

ಹತ್ತು ಗಂಟೆ ವಿಷಯದಲ್ಲಿ ಮಾಲೀಕರ ತಪ್ಪಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವಂತಿಲ್ಲ. ಏಳಕ್ಕೇ ಶುರು ಮಾಡಿಸಿ. ಒಳ್ಳೆಯ ಹಾಡನ್ನು ಕೊನೆಗೆ ಎತ್ತಿಡಬೇಡಿ, ಎರಡನೆಯದಾಗಿ ಹಾಡಿಬಿಡಿ.

ಕೀಬೋರ್ಡ್_ಗೋಣಿಕೊಪ್ಪ:
ಸೌಂಡ್ ಅಣ್ಣ ಹೇಳಿದ್ದು ಸರಿ. ಶೋ ಎಲ್ಲಿ ಅಂದರೆ, ನಮ್ಮಲ್ಲಿ ಕ್ಲಬ್ಬು ಪಬ್ಬು ಅಂತ ಕಾಯುತ್ತಾ ಕೂರುವುದು ಸುಮ್ನೆ. ಮದುವೆ ಹಿಡಿಯಿರಿ. ಆದರೆ ಒಂದು ಮಾತು. ವಾಲಗ ಶುರುವಾದ ಮೇಲೆ ನಿಮ್ಮ ಬ್ಯಾಂಡ್ ಮುಗಿಯಿತು ಅಂತಲೇ ತಿಳಿಯಿರಿ. ನಾವು ಒಮ್ಮೆ ಊಟದ ನಂತರದ ಟೈಮ್ ತಗೊಂಡಿದ್ದೆವು. ನಾಲ್ಕು ದೊಡ್ಡ ಸ್ಪೀಕರ್ ಇತ್ತು. ಹೊರಗೆ ವಾಲಗದವರು ಡೋಲಿಗೆ ಕೈ ಹಾಕಿದ್ದೇ ತಡ, ಮದುಮಗನ ಅಜ್ಜನೂ ಸೇರಿ ಹಾಲ್ ಖಾಲಿ. ಉಳಿದದ್ದು ಕುರ್ಚಿ ಎತ್ತುವವರು ಇಬ್ಬರು. ನಾನಾದರೂ ಕೀಬೋರ್ಡ್ ಬಿಟ್ಟು ಹೋಗಿ ಕುಣಿಯುತ್ತಿದ್ದೆ ಬಿಡಿ.

ಮದುವೆಯ ಹಿಂದಿನ ದಿನ ಸಂಜೆಯ ಟೈಮ್ ಕೇಳಿ, ನೆಂಟರು ಬಂದು ಕೂರುವ ಹೊತ್ತು. ನಲವತ್ತು ನಿಮಿಷ ಸಾಕು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಹೊತ್ತು) ಇಲ್ಲಿ ಮದುವೆ ಇಲ್ಲ, ಆ ತಿಂಗಳು ಹೊಸ ಹಾಡು ಕಲಿಯಿರಿ. ತಂತಿ ತುಕ್ಕು ಹಿಡಿಯುವುದೂ ಆಗಲೇ, ಎರಡು ಸೆಟ್ ಜಾಸ್ತಿ ಇಟ್ಟುಕೊಳ್ಳಿ. ಮಡಿಕೇರಿ ದಸರಾಕ್ಕೂ ಅರ್ಜಿ ಹಾಕಿ. ವಿಜಯದಶಮಿ ರಾತ್ರಿ ಮಾತ್ರ ಬೇಡ, ಅವತ್ತು ಊರಿಗೆ ಊರೇ ದಶಮಂಟಪದ ಮೆರವಣಿಗೆ ಹಿಂದೆ.

ದುಡ್ಡಾ? ಮೊದಲ ಎರಡು ಮೂರು ಬಿಟ್ಟಿ ಇರಲಿ. ಆದರೆ ಜೀಪಿನ ಡೀಸೆಲ್ ದುಡ್ಡು ಬಾಯಿಬಿಟ್ಟು ಕೇಳಿ. ಡೀಸೆಲ್ ಕೊಡದವರು ಮುಂದೆ ಏನೂ ಕೊಡುವುದಿಲ್ಲ.

ಸುಮ್ನೆ_ಕೇಳುವವಳು:
ನನಗೆ ನುಡಿಸಲು ಬರುವುದಿಲ್ಲ, ಕೇಳುವುದು ಮಾತ್ರ. ಎರಡು ಹಾಡಿನ ನಡುವೆ ನಮಗೆ ಬೆನ್ನು ಹಾಕಿ ಮೂರು ನಿಮಿಷ ಟ್ಯೂನ್ ಮಾಡುತ್ತೀರಲ್ಲ, ಆಗಲೇ ಜನ ಎದ್ದು ಹೋಗುವುದು. ಅಷ್ಟು ಹೊತ್ತು ಯಾರಾದರೂ ಒಬ್ಬರು ಮಾತಾಡಿ.

ಬೇಸ್_ವಿರಾಜಪೇಟೆ:
ಎಲ್ಲರಿಗೂ ಥ್ಯಾಂಕ್ಸ್. ಅಣ್ಣ, ಇವತ್ತು ಆಂಪ್‌ನ ಪ್ಲಗ್ ನೋಡಿದೆ. ಮೂರನೇ ಪಿನ್ನೇ ಇಲ್ಲ! ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಇಷ್ಟು ದಿನ ಯಾರೂ ಗಮನಿಸಿಲ್ಲ. ಹೊಸ ಪ್ಲಗ್ ಹಾಕಿದ್ದಾಯಿತು. ಟ್ಯೂನ್ ಮಾಡುವಾಗ ಮಾತಾಡುವ ಕೆಲಸ ಡ್ರಮ್ಮರ್‌ಗೆ, ಅವನ ಬಾಯಿಗೆ ಹೇಗೂ ರಜೆ ಇಲ್ಲ.

ಮುಂದಿನ ತಿಂಗಳು ಅತ್ತೆಯ ಮಗಳ ಮದುವೆ. ಹಿಂದಿನ ದಿನ ಸಂಜೆ ನಲವತ್ತು ನಿಮಿಷ ಕೊಟ್ಟಿದ್ದಾರೆ. ಎಂಟು ಹಾಡು ಆರಿಸಿದ್ದೇವೆ. ಡೀಸೆಲ್ ವಿಷಯ ಅತ್ತೆಯ ಹತ್ತಿರ ಎತ್ತುವುದು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.