ಟವೆಲ್ ಮೇಲೆ ಹಣ್ಣಿನ ಅಚ್ಚು: ಬಣ್ಣ ಹರಡುವುದೇಕೆ?

ಪ್ರಶ್ನೆ
ಅಡುಗೆಮನೆಯ ಕಾಟನ್ ಟವೆಲ್‌ಗೆ ಸೇಬು, ಕಿತ್ತಳೆ ಹೋಳುಗಳಿಂದ ಅಚ್ಚು ಹಾಕುತ್ತಿದ್ದೇನೆ. ಬಣ್ಣ ಸಾಮಾನ್ಯ ಅಕ್ರಿಲಿಕ್. ಸೇಬಿನ ಅಚ್ಚಿನಲ್ಲಿ ನಡುಭಾಗ ಮೂಡುವುದಿಲ್ಲ. ಕಿತ್ತಳೆಯದಂತೂ ತೊಳೆಗಳೇ ಕಾಣದ ಹಾಗೆ ಹರಡಿಕೊಳ್ಳುತ್ತದೆ. ಒಗೆದ ಮೇಲೂ ಬಣ್ಣ ನಿಲ್ಲಬೇಕಾದರೆ ಏನು ಮಾಡಬೇಕು?

ಉತ್ತರ 1
ಎರಡಕ್ಕೂ ಕಾರಣ ಬೇರೆ ಬೇರೆ. ಸೇಬಿನದು ಚಾಕುವಿನ ತಪ್ಪು. ಹಿಂದೆ ಮುಂದೆ ಎಳೆದು ಕೊಯ್ದರೆ ಹೋಳಿನ ಮುಖ ಏರುತಗ್ಗಾಗುತ್ತದೆ. ಹಣ್ಣಿಗಿಂತ ಉದ್ದವಾದ ಹರಿತ ಚಾಕುವಿನಿಂದ ಒಂದೇ ಸಲಕ್ಕೆ ಕತ್ತರಿಸಿ. ಬಟ್ಟೆಯ ಕೆಳಗೆ ಮಡಚಿದ ಹಳೇ ಟವೆಲ್ ಹಾಸಿ. ಬರೀ ಮೇಜಿನ ಮೇಲೆ ಒತ್ತಿದರೆ ಹೋಳಿನ ಉಬ್ಬಿದ ಭಾಗವಷ್ಟೇ ತಗಲುತ್ತದೆ.

ಕಿತ್ತಳೆಯಲ್ಲಿ ರಸವೇ ಶತ್ರು. ಅದು ಬಣ್ಣವನ್ನು ನೀರಾಗಿಸುತ್ತದೆ, ನೂಲು ಆ ನೀರನ್ನು ಹೀರಿ ಸುತ್ತ ಎಳೆಯುತ್ತದೆ. ಅಡ್ಡಲಾಗಿ ಕೊಯ್ದು, ರಸ ಒತ್ತಿ ತೆಗೆದು, ಮುಖ ಮೇಲೆ ಮಾಡಿ ಒಂದು ರಾತ್ರಿ ತೆರೆದಿಡಿ. ತಿರುಳು ಕುಗ್ಗಿ, ತೊಳೆಗಳ ನಡುವಿನ ಪೊರೆ ಎದ್ದು ನಿಲ್ಲುತ್ತದೆ. ಅಚ್ಚಿನಲ್ಲಿ ಬೇಕಾದದ್ದು ಆ ಗೆರೆಗಳೇ ತಾನೆ!

ಉತ್ತರ 2
ಒಂದು ರಾತ್ರಿ ಇಡುವುದು ಕಿತ್ತಳೆಗೆ ಸರಿ, ಸೇಬಿಗೆ ಬೇಡ. ಸೇಬು ಸುಕ್ಕಾಗಿ ಮುಖ ಡೊಂಕಾಗುತ್ತದೆ. ಕಾಗದದ ಮೇಲೆ ಬೋರಲು ಹಾಕಿ ಅರ್ಧ ಗಂಟೆ ಬಿಟ್ಟರೆ ಸಾಕು. ಕಂದು ಬಣ್ಣಕ್ಕೆ ತಿರುಗಿದರೆ ಚಿಂತೆಯಿಲ್ಲ.

ಹೋಳನ್ನು ಬಣ್ಣದಲ್ಲಿ ಅದ್ದಲೇಬೇಡಿ, ಸ್ಪಂಜಿನಿಂದ ತೆಳ್ಳಗೆ ತಟ್ಟಿ. ಸಾಮಾನ್ಯ ಅಕ್ರಿಲಿಕ್ ಒಂದನ್ನೇ ಬಳಸಿದರೆ ಬಟ್ಟೆ ಬಿರುಸಾಗಿ ಬಣ್ಣ ಬಿರುಕು ಬಿಡುತ್ತದೆ. 2 ಭಾಗ ಬಣ್ಣಕ್ಕೆ 1 ಭಾಗ ಫ್ಯಾಬ್ರಿಕ್ ಮೀಡಿಯಂ (ಅಕ್ರಿಲಿಕ್ ಬಣ್ಣವನ್ನು ಬಟ್ಟೆಗೆ ಒಗ್ಗಿಸುವ ದ್ರವ) ಬೆರೆಸಿ, ನೀರು ಬೇಡ. ಅತ್ತಿತ್ತ ಅಲ್ಲಾಡಿಸದೆ ಒತ್ತಿ, ನೆಟ್ಟಗೆ ಮೇಲಕ್ಕೆತ್ತಿ. ಮೊದಲೆರಡು ಅಚ್ಚು ಹಳೇ ಬಟ್ಟೆಯ ಮೇಲಿರಲಿ.

ಹೊಸ ಟವೆಲ್ ಆದರೆ ಮೊದಲು ಒಗೆದು ಗಂಜಿ ತೆಗೆಯಿರಿ, ಸಾಫ್ಟ್‌ನರ್ ಹಾಕದೆ. ಕುಣಿಕೆ ಕುಣಿಕೆಯಾದ ಟರ್ಕಿ ಟವೆಲ್ ಮೇಲೆ ಸಣ್ಣ ಗೆರೆ ಮೂಡದು. ಸಮತಟ್ಟಾದ ನೇಯ್ಗೆಯದನ್ನೇ ಆರಿಸಿ.

ಪ್ರಶ್ನೆ ಕೇಳಿದವರು
ಇಸ್ತ್ರಿ ಯಾವಾಗ? ಒದ್ದೆ ಇರುವಾಗಲೇ ಮಾಡಬಹುದೇ?

ಉತ್ತರ 3
ಬೇಡ, ಬಣ್ಣ ಇಸ್ತ್ರಿಗೆ ಅಂಟುತ್ತದೆ. 24 ಗಂಟೆ ಒಣಗಲಿ. ಆಮೇಲೆ ಟವೆಲ್ ಮಗುಚಿ, ಕಾಟನ್ ಶಾಖದಲ್ಲಿ, ಹಬೆ ಆರಿಸಿ, ಪ್ರತಿ ಅಚ್ಚಿನ ಮೇಲೂ 3ರಿಂದ 5 ನಿಮಿಷ ಇಸ್ತ್ರಿ ಆಡಿಸುತ್ತಿರಿ. ಬಣ್ಣದ ಡಬ್ಬಿಯ ಮೇಲೆ ಬೇರೆ ಅವಧಿ ಬರೆದಿದ್ದರೆ ಅದನ್ನೇ ಪಾಲಿಸಿ. ಮೊದಲ ಒಗೆತ ಮೂರು ದಿನ ಕಳೆದ ಮೇಲೆ, ತಣ್ಣೀರಿನಲ್ಲಿ. ಬ್ಲೀಚ್ ಬೇಡ.

ಇನ್ನೊಂದು ಮಾತು: ಬಣ್ಣ ಕೂತ ಜಾಗ ನೀರು ಹೀರುವುದಿಲ್ಲ. ಒರೆಸಲು ಬಳಸುವ ಟವೆಲ್ ಆದರೆ ಅಚ್ಚುಗಳು ಅಂಚಿನಲ್ಲೇ ಇರಲಿ.